ಚೀಟಿಗೆ ಕಾಲಿಲ್ಲ

ಹೋದ ಸಲ ಭಟ್ಟಿಯ ಅಂಗಳದಲ್ಲೇ ಆಗಿತ್ತು.
ದುರುಗಪ್ಪನ ಕಡೆಯವರು ನೀರಿನ ತೊಟ್ಟಿಯ ಬಳಿ,
ಗೌಸುಸಾಬರ ಕಡೆಯವರು ಹೊಟ್ಟಿನ ಗುಡ್ಡೆಯ ಬಳಿ.
ದಾವಣಗೆರೆಯ ನಮ್ಮ ವಾರ್ಡಿಗೆ
ಪಕ್ಷದಿಂದ ಯಾರು ನಿಲ್ಲಬೇಕು ಅಂತ
ಮೊದಲು ನಾವು ನಿಂತೆವು.

ನಾನು ಮೈದುನನ ಬೆನ್ನ ಹಿಂದೆ.
ಎದುರಿಗೆ ಮುಂಗಡ ಕೊಟ್ಟ ಮಾಲೀಕ
ಕುರ್ಚಿ ಹಾಕಿಸಿಕೊಂಡು, ಬೆರಳು ಮಡಚಿ,
ತಲೆ ಎಣಿಸುತ್ತಿದ್ದ.

ಮೂರನೆಯವಳು ಖಾಜಾಬಿ. ಅವಳ ಕಡೆ ಒಂಬತ್ತೇ ಜನ.
ಹದಿನೈದಾಗದಿದ್ದರೆ ಲೆಕ್ಕಕ್ಕಿಲ್ಲ ಅಂದರು.
ಒಂಬತ್ತೂ ಮಂದಿ ಕೂತು ಮಾತಾಡಿದರು,
ಒಂದು ಸೇರು ಮಂಡಕ್ಕಿ, ಒಂದು ಪೊಟ್ಟಣ ಮೆಣಸಿನಕಾಯಿ ಮುಗಿಯುವ ತನಕ.
ಆಮೇಲೆ ಎದ್ದು, ಸೆರಗು ಕೊಡವಿ,
ಹೆಂಗಸರಿಗೆ ಪಾಯಿಖಾನೆ ಕಟ್ಟಿಸ್ತೀನಂತ
ಗೌಸುಸಾಬರ ಬಾಯಲ್ಲಿ ಎಲ್ಲರೆದುರು ಹೇಳಿಸಿ
ಹೊಟ್ಟಿನ ಗುಡ್ಡೆಯ ಕಡೆ ನಡೆದರು.
ಇಡೀ ಅಂಗಳ ಅತ್ತ ವಾಲಿತು.
ನಾನು ಮಾತ್ರ ಆ ಬೆನ್ನ ಹಿಂದೆಯೇ.

ಈ ಸಲ ಡಬ್ಬಿ.
ಎಣ್ಣೆಯದೇ, ಹಳೇದು, ಮುಚ್ಚಳಕ್ಕೆ ಸೀಳು ಬಿಟ್ಟದ್ದು.
ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ಯಾವಾಗಾದರೂ ಬನ್ನಿ.
ರಾತ್ರಿ ಪಾಳಿಯವರು ಬಂದರು. ತಲೆಗೆ ಬಟ್ಟೆ ಸುತ್ತಿ
ಬಾಣಂತಿಯೂ ಬಂದಳು.
ಗೋಣಿ ಪರದೆಯ ಒಳಗೆ ನಾನೊಬ್ಬಳೇ,
ಬೆನ್ನಿಲ್ಲ, ಬೆರಳಿಲ್ಲ.
ಬರೆದೆ, ಮಡಚಿದೆ, ಹಾಕಿದೆ.
ಇಷ್ಟೇನಾ ಅನ್ನಿಸಿತು.

ಖಾಜಾಬಿಗೆ ಹನ್ನೊಂದು ಬಿದ್ದವಂತೆ.
ಹನ್ನೊಂದೂ ಡಬ್ಬಿಯ ತಳದಲ್ಲೇ ಉಳಿದವು.
ಎದ್ದು ಹೋಗಿ ಯಾರ ಹತ್ತಿರವೂ ಮಾತು ತಗೊಳ್ಳಲಿಲ್ಲ.
"ಆ ಹನ್ನೊಂದು ಯಾರ‍್ಯಾರೇ?
ಗೊತ್ತಿದ್ದರೆ ಕರಕೊಂಡು ಹೋಗ್ತಿದ್ದೆ" ಅಂದಳು,
ಬಾಗಿಲಿಲ್ಲದ ಪಾಯಿಖಾನೆಯ ಕಡೆ ನೋಡುತ್ತ.

ಕೂದಲಿಗೆ ಸಿಕ್ಕಿದ ಹೊಟ್ಟು
ಒಂದೊಂದೇ ಬಿಡಿಸುತ್ತ ಕೂತೆ.