ಬಣ್ಣ ಬಿಡೂದಿಲ್ಲ

ಪುಸ್ತಕದಾಗ ನೇರಳೆ ಅಂತ ಬರೀತಾರ.
ನಮ್ಮ ಶಹಾಬಾದದ ಗಿರಾಕಿಗಳು ಹಂಗ ಕೇಳೂದಿಲ್ಲ:
ಜಾಂಬಳ ರೀ, ಬದನಿಕಾಯಿ ಬಣ್ಣ ರೀ.
ಒಬ್ಬಾಕಿ ಅಂದಳು, ದೌತಿ ಉರುಳಿದಂಥಾದ್ದು.
ನನ್ನ ಡಬ್ಬಿಯೊಳಗ ಹನ್ನೊಂದು ರೀಲು ಅವ,
ಹನ್ನೊಂದೂ ಬ್ಯಾರೆ ಬ್ಯಾರೆ,
ಆಕಿ ಜಂಪರಿಗೆ ಒಂದೂ ಹೊಂದಲಿಲ್ಲ.

ಖೈರುನ್ನಿಸಾ ದುಪಟ್ಟಾಕ್ಕ ಪಿಕೋ ಹಾಕಿಸಲಾಕ ಬಂದಾಕಿ
ಚಿಲ್ಲರ ಇಲ್ಲಂತ
ಉರ್ದು ಪೇಪರಿನ ಸಣ್ಣ ಪುಡಿಕಿ ಕೈಗಿಟ್ಟಳು.
ಗುಲ್ ಮಖಮಲ್. ಮಿರಗಾ ಬಿದ್ದಮ್ಯಾಲ ಚೆಲ್ಲು.
ಆಯುಷ್ಯ ಒಂದ ವರ್ಷ, ಆದರ ಬಣ್ಣ ಪಕ್ಕಾ.

ಚೆಲ್ಲೂದು ಎಲ್ಲಿ?
ಅಂಗಳ ತುಂಬ ಹಾಸುಗಲ್ಲು,
ನನ್ನ ಗಂಡ ರೇವಪ್ಪ ದಾರ ಹಿಡಿದು, ಮಟ್ಟ ನೋಡಿ ಹಾಸಿದ್ದು.
ನಡುವಿನ ಒಂದು ಕಲ್ಲು ಎಬ್ಬಿಸು ಅಂದೆ.
ಊರ ಮಂದಿ ಅಂಗಳಕ್ಕ ಕಲ್ಲು ಹಾಸಿ ಉಂಡಾಂವ,
ಮೂರು ದಿನ ನನ್ನ ಕಡಿ ಮಾರಿ ಮಾಡಲಿಲ್ಲ.
ನಾಲ್ಕನೇ ದಿನ ಹಾರಿ ಹಚ್ಚಿದ.
ಕೆಳಗ ತಣ್ಣಗ ಕರೀ ಮಣ್ಣು,
ಎರಡು ಎರೆಹುಳ, ಒಂದು ಹಸರು ಬಳಿ ಚೂರು.
ನನ್ನದಲ್ಲ. ನಮಗಿಂತ ಮೊದಲ ಇದ್ದಾಕಿದು.

ತೊಗರಿ ಹೊಟ್ಟು ಬೆರೆಸಿದೆ.
ನಾಲ್ಕು ದಿನಕ್ಕೊಮ್ಮೆ ನಳ ಬರತದ,
ನಡುವಿನ ದಿನ ಅಕ್ಕಿ ತೊಳೆದ ನೀರು.
ಹುಟ್ಟಿದ್ದು ಒಂಬತ್ತು. ಎರಡು ಬಾಜೂಮನಿ ಆಡು ತಿಂತು.
ಒಂದನ್ನ ಕಸ ಅಂತ ನಾನ ಕಿತ್ತೆ,
ಯಾರಿಗೂ ಹೇಳಬ್ಯಾಡ್ರಿ.

ಮಾನೌಮಿ ಹೊತ್ತಿಗೆ ಹೂ ಬಂತು,
ಶೇರ್ವಾನಿ ಗುಂಡಿಯಷ್ಟ, ಗುಂಡಗ, ಗಟ್ಟಿ.
ಹನ್ನೊಂದೂ ರೀಲು ತಂದು ಬಾಜೂ ಹಿಡಿದು ನೋಡಿದೆ.
ಹೊಂದಲಿಲ್ಲ.
ಯಾಕೋ ಖುಷಿ ಆತು.

ಶಿವರಾತ್ರಿಗೆ ಗಿಡ ಕಡ್ಡಿ ಆತು.
ಕಿತ್ತು, ಹೂವಿನ ಸಮೇತ ತಲಿ ಕೆಳಗ ಮಾಡಿ
ಮಷೀನಿನ ಮ್ಯಾಲಿನ ಗೂಟಕ್ಕ ತೂಗಿದೆ.
ಬ್ಯಾಸಗಿ ಬಿಸಲಿಗೆ ರೇವಪ್ಪನ ಟಾವೆಲ್ಲು ಬಣ್ಣ ಬಿಟ್ಟಿತು,
ಅಂಗಡಿ ಬೋರ್ಡಿನ ನನ್ನ ಹೆಸರು ಬಿಟ್ಟಿತು,
ಗೋಡಿ ಫೋಟೋದಾಗ ನನ್ನ ಮದುವಿ ಸೀರಿ ಬೂದಿ ಆಗ್ಯಾದ.
ಅಂಗಡ್ಯಾಂವ ಗ್ಯಾರಂಟಿ ಕೊಟ್ಟಿದ್ದ, ನೆನಪದ.
ಗೂಟದ ಮ್ಯಾಲಿನ ಸತ್ತ ಹೂ ಮಾತ್ರ
ಹೊಲಿಯೂ ಹೊತ್ತಿನಾಗ ನನ್ನ ನೆತ್ತಿ ಮ್ಯಾಲೆ ಹಂಗ ಇತ್ತು.

ಮತ್ತ ಮೋಡ ಬಂತು. ಬೀಜ ಹುಡುಕಿದೆ,
ಟೊಂಗಿಗೆ ಕಾಯಿಲ್ಲ, ಬುಡಕ್ಕ ಏನಿಲ್ಲ.
ಖೈರುನ್ನಿಸಾನ ಕೇಳಿದರ ನಕ್ಕಳು:
ಅದರ ಹೊಟ್ಟಿಯೊಳಗ ಅವ. ಮುರಿ.

ಕತ್ತರಿ ತಗೊಂಡು ಕುಂತೆ, ಕತ್ತರಿ ಬ್ಯಾಡಾತು,
ಬೆರಳಿನಿಂದ ಒಂದೊಂದ ಎಸಳು ಬಿಚ್ಚಿದೆ
ತಪ್ಪಿದ ಹೊಲಿಗಿ ಬಿಚ್ಚಿದಂಗ.
ಅರಳಿ ನಡುವ ಕಂದು ಕಾಳು, ಸಾಸಿವಿಗಿಂತ ಸಣ್ಣದು.
ಬೆರಳಿಗೆ ಬಣ್ಣ ಒಂದಿಷ್ಟೂ ಹತ್ತಲಿಲ್ಲ.
ಮೂರು ಹೂ ಮುರಿದೆ.
ನಾಲ್ಕನೇದು ಕೈಯಾಗ ಹಿಡಕೊಂಡು
ಸುಮ್ಮಕ ಕುಂತಿದ್ದೆ, ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ.

ಅಂಗಳದಾಗ ಕಲ್ಲಿಗೆ ಹಾರಿ ತಾಗಿದ ಸಪ್ಪಳ.
ಎರಡನೇ ಕಲ್ಲು ಎಬ್ಬಿಸು ಅಂತ
ನಾ ಏನೂ ಅಂದಿರಲಿಲ್ಲ.