ತಣ್ಣಗಿದ್ದಾಗ ಅಳೆದದ್ದು

ಬಿರುನಾಣಿಯಲ್ಲಿ ಲೈನು ಮುಗಿಯುತ್ತದೆ.
ನಮ್ಮ ಹಂದಿಗೂಡಿನ ಹಿಂದಿನ ಕಂಬವೇ ಕೊನೆಯದು,
ಆಚೆ ಬರೀ ಕಾಡು, ಕತ್ತಲು, ಕೇರಳ.

ಪುತ್ತರಿ ಕಳೆದು ಹನ್ನೊಂದನೇ ರಾತ್ರಿ.
ಹೆತ್ತ ಹಂದಿಗೆ ಜ್ವರ, ಮೊಲೆ ಕಲ್ಲಾಗಿದೆ,
ಗೋಡೆಗೆ ಮುಖ ಮಾಡಿ ಮಲಗಿದೆ.
ಗೋಣಿಯ ಮೇಲೆ ಒಂಬತ್ತು ಮರಿ
ಒಂದರ ಮೇಲೊಂದು ಹತ್ತಿ, ಜಾರಿ, ಮತ್ತೆ ಹತ್ತಿ.
ನೆತ್ತಿಯ ಮೇಲೆ ತೂಗುವ ನೂರು ವ್ಯಾಟಿನ ಬಲ್ಬು,
ಶ್ರೀಮಂಗಲದ ಅಂಗಡಿಯಲ್ಲಿ ಧೂಳು ಹಿಡಿದಿದ್ದ
ಕೊನೆಯ ಎರಡರಲ್ಲಿ ಒಂದು.

ಬಲ್ಬು ಯಾಕೋ ಕೆಂಪಗಿದೆ, ಅಂದಳು ಅವ್ವ.
ಕೆಂಪಗೆ ಅಂದರೆ ಎಷ್ಟು? ಅಂದೆ ನಾನು,
ಐಟಿಐ ಸೇರಿ ಐದು ತಿಂಗಳಾದವಳ ಸೊಕ್ಕಿನಲ್ಲಿ.
ಕಂಬ ಹತ್ತುವ ಕೆಲಸ ನಿನಗ್ಯಾಕೆ ಎಂದು
ಆ ಜೂನಿನಲ್ಲಿ ಮೂರು ದಿನ ಮಾತು ಬಿಟ್ಟಿದ್ದಳು.

ಮೊದಲು ಬಲ್ಬು ಬಿಚ್ಚಿ ಆರಲು ಬಿಟ್ಟೆ.
ಕತ್ತಲಲ್ಲಿ ಮರಿಗಳು ಕಿರುಚಿದವು, ಅವ್ವನೂ.
ಮೀಟರಿನ ಎರಡು ಮೊನೆ ಒತ್ತಿದೆ: ಮೂವತ್ತೆಂಟು ಓಮ್.
ಹಾಗಾದರೆ ಇನ್ನೂರ ಮೂವತ್ತು ವೋಲ್ಟಿಗೆ
ಆರು ಆಂಪಿಯರು ಹರಿಯಬೇಕು,
ಹೆಚ್ಚುಕಡಿಮೆ ಸಾವಿರದ ನಾನೂರು ವ್ಯಾಟ್.
ಮರಿಗಳೆಲ್ಲ ಇಷ್ಟರಲ್ಲಿ ಬೆಂದು ಬಾಡಾಗಿರಬೇಕಿತ್ತು.
ಎಲ್ಲೋ ತಪ್ಪಿದೆ.

ವಿರಾಜಪೇಟೆಯ ಜೋಕಿಂ ಮೇಷ್ಟ್ರು
ಬೋರ್ಡಿಗೆ ಬೆನ್ನು ಒರಗಿಸಿ, ಅಂಗಿಯೆಲ್ಲ ಸೀಮೆಸುಣ್ಣವಾಗಿ,
ಹೇಳಿದ್ದರು:
ಮಲಗಿದ ಎತ್ತನ್ನು ನೋಡಿ ಉಳುಮೆಯ ಲೆಕ್ಕ ಹಾಕ್ಬೇಡಿ,
ನೊಗ ಹೊತ್ತಾಗ ಅಳೀರಿ.

ಸ್ವಿಚ್ ಆರಿಸಿ, ಒಂದು ತಂತಿ ಕತ್ತರಿಸಿ,
ಕರೆಂಟಿನ ದಾರಿಯಲ್ಲೇ ಮೀಟರನ್ನು ಕೂರಿಸಿ
ಹಚ್ಚಿದೆ: ಸೊನ್ನೆ ಬಿಂದು ಮೂವತ್ತೆಂಟು ಆಂಪಿಯರ್.
ಮತ್ತೆ ಮೂವತ್ತೆಂಟೇ, ಆದರೆ ಇದು ಬೇರೆ ಮೂವತ್ತೆಂಟು.
ಆಮೇಲೆ ಹೋಲ್ಡರಿನ ಎರಡು ತುದಿಗೆ: ನೂರ ಎಂಬತ್ತು ವೋಲ್ಟ್.
ಅಲ್ಲಿಂದ ತುಂಬಿಕೊಂಡೇ ಹೊರಟದ್ದು
ಹಬ್ಬಕ್ಕೆ ಬಂದು ಉಳಿದವರ ಗೀಸರಿಗೆ,
ಯಾರದೋ ಹಲ್ಲರ್ ಮೋಟರಿಗೆ,
ಮೈಲಿಗಟ್ಟಲೆ ತಂತಿಯ ಸ್ವಂತ ಬಿಸಿಗೆ
ಸುಂಕ ಕಟ್ಟುತ್ತ ಕಟ್ಟುತ್ತ
ನಮ್ಮ ಗೂಡಿಗೆ ಇಷ್ಟೇ ತಲುಪಿತ್ತು.

ಅವ್ವ ಹಂದಿ ಹೆತ್ತ ತಾರೀಖು ಗೀಚುವ ಗೋಡೆಯಲ್ಲೇ
ಇದ್ದಿಲು ಹಿಡಿದು ಬರೆದೆ.
ಭಾಗಿಸಿದರೆ ನಾನೂರ ಎಪ್ಪತ್ತನಾಲ್ಕು ಓಮ್,
ಎಷ್ಟು ತಡೆಯುತ್ತಿದೆ ಎಂಬುದು.
ಗುಣಿಸಿದರೆ ಅರವತ್ತೆಂಟು ವ್ಯಾಟ್,
ಎಷ್ಟು ಕೊಡುತ್ತಿದೆ ಎಂಬುದು.
ಅವೇ ಎರಡು ಅಂಕಿ.
ಹಠ ಬೇಕಾದವರು ಭಾಗಿಸಿ, ಶಾಖ ಬೇಕಾದವರು ಗುಣಿಸಿ.

ಎಳೆಗೂದಲಿನಂಥ ಆ ತಂತಿ
ತಣ್ಣಗಿದ್ದಾಗ ಏನೂ ತಡೆಯದು.
ಕಾದಂತೆ ಕಾದಂತೆ ತಾನೇ ಕಲಿಯುತ್ತದೆ,
ಕಲಿಯದಿದ್ದರೆ ಒಂದು ಮಿಂಚು, ಆಮೇಲೆ ಕರಿ ಗಾಜು.

ಮೂವತ್ತೆರಡು ವ್ಯಾಟ್ ಕಡಿಮೆ ಬರ್ತಿದೆ ಅವ್ವ.
ಅದು ಎಲ್ಲಿ ಸಿಗ್ತದೆ?
ಇನ್ನೊಂದು ಬಲ್ಬು ಅಂಗಡಿಯಲ್ಲಿತ್ತು.
ಗಂಟೆ ಹನ್ನೊಂದೂವರೆ. ಹುಲ್ಲಿನ ಮೇಲೆ ಮಂಜು ಬಿಳಿ.

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ.
ಚಪ್ಪಲಿ ಬಿಟ್ಟು, ನೈಟಿಯ ಮೇಲಿನ ಸ್ವೆಟರಿನ
ಗುಂಡಿಗಳನ್ನೆಲ್ಲ ಬಿಚ್ಚಿ
ಗೂಡಿನೊಳಗೆ ಕೂತಳು.
ಮೂರನ್ನು ಸ್ವೆಟರಿನೊಳಗೆ ತುರುಕಿದಳು,
ಉಳಿದವು ತಾವೇ ಬಂದವು, ಮಡಿಲಿಗೆ, ಮಂಡಿಯ ಸಂದಿಗೆ.
ದೀಪ ಸರಿ ಹಿಡಿ, ಅಂದಳು. ಹಿಡಿದೆ.

ಸುಮ್ಮನೆ ಕೂತ ಮನುಷ್ಯರ ಮೈ
ನೂರು ವ್ಯಾಟಿನಷ್ಟು ಶಾಖ ಬಿಡುತ್ತದಂತೆ.
ಪುಸ್ತಕದ ಅಂಚಿನಲ್ಲಿತ್ತು, ಸಣ್ಣ ಅಕ್ಷರದಲ್ಲಿ.
ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು
ಎಂದು ಬರೆದಿರಲಿಲ್ಲ.
ಎಲ್ಲಿ ಮೊನೆ ಒತ್ತಿ ಅಳೆಯುವುದು?

ಬೆಳಗಿನ ಜಾವ ಹೆತ್ತ ಹಂದಿ ಎದ್ದು ನೀರು ಕುಡಿಯಿತು.
ಒಂದು ಮರಿ ಏಳಲಿಲ್ಲ, ಬಲ್ಬಿನ ನೇರ ಕೆಳಗಿದ್ದದ್ದೇ.
ಕಾಫಿಗಿಡದ ಬುಡದಲ್ಲಿ ಗುಂಡಿ ತೆಗೆದು ಬಂದ ಅವ್ವ
ಗೋಡೆಯ ಮೇಲಿನ ಒಂಬತ್ತನ್ನು ಹೊಡೆದು
ಎಂಟು ಎಂದು ಬರೆದಳು.
ಪಕ್ಕದಲ್ಲಿದ್ದ ನನ್ನ ಲೆಕ್ಕವನ್ನು
ಸ್ವಲ್ಪ ಹೊತ್ತು ನೋಡಿದಳು.
ಅಳಿಸಲಿಲ್ಲ.