ಮೂವತ್ತೆಂಟು ನಿಮಿಷ

ಸ್ಟಾಪ್‌ವಾಚ್ ಕೊರಳಿಗೆ ನೇತುಹಾಕಿಕೊಂಡು
ಸಾಂತಿಯಾಗೊದಿಂದ ನಮ್ಮ ತೆಮುಕೊಗೆ ಬಂದಿದ್ದಾನೆ ಹುಡುಗ, ಫೆರ್ಮಿನ್.
ಮೂರು ದಿನದಿಂದ ನನ್ನ ಬೆನ್ನಿಗೇ ನಿಂತು ಬರೆಯುತ್ತಾನೆ:
ನೊಲ್ಫಾ ಬಲಕ್ಕೆ ಹೋದಳು. ನೊಲ್ಫಾ ಎಡಕ್ಕೆ ಬಂದಳು.
ನೊಲ್ಫಾ ಕೀಲಿಕೈ ಹುಡುಕಿದಳು, ಎರಡು ನಿಮಿಷ ಹತ್ತು ಸೆಕೆಂಡು.

ಹುಡುಕಿದೆ, ನಿಜ.
ಚಿಮಟಗಳ ಕಪಾಟು ಕಾರಿಡಾರಿನ ಆ ತುದಿಗೆ,
ಇಪ್ಪತ್ತೆರಡು ವರ್ಷದಿಂದ ಅಲ್ಲೇ.
ಯಾರಿಟ್ಟರೋ, ಅವರೀಗ ನಿವೃತ್ತರು.

ಹೊರಗೆ ಬೆಂಚಿನ ಮೇಲೆ ಹನ್ನೊಂದು ಖಾಲಿ ಹೊಟ್ಟೆಗಳು,
ಲೊಂಕಿಮಾಯ್‌ನಿಂದ ನಸುಕಿನ ಬಸ್ಸು ಹಿಡಿದವರು,
ಬೂಟಿನ ಹಿಮ ಕರಗಿ ಕಾಲಡಿಗೆ ಕೊಚ್ಚೆ.
ಒಬ್ಬರ ಹೆಸರು ಕೂಗಿದರೆ ಉಳಿದವರು ನೋಡುವ ನೋಟ:
ಹೊಟ್ಟೆಕಿಚ್ಚಲ್ಲ, ಬರೀ ಹಸಿವು.

ತೊಳೆಯುವುದಕ್ಕೆ ಇಷ್ಟು ಹೊತ್ತೇಕೆ, ಅಂದ.
ಕೊಳವೆಯನ್ನು ನೀರಲ್ಲಿ ಮುಳುಗಿಸಿ ತೋರಿಸಿದೆ:
ಗುಳ್ಳೆ ಏಳುತ್ತದೋ ನೋಡು.
ಏಳದಿದ್ದರೆ ಬ್ರಷ್ಷು, ಈ ತುದಿಯಿಂದ ಆ ತುದಿಗೆ,
ಬಿರುಗೂದಲು ಬೆಳ್ಳಗೆ ಹೊರಬರುವ ತನಕ.
ಇದರ ಕಣ್ಣು ಈಗಷ್ಟೆ ಒಬ್ಬನ ಕತ್ತಲಲ್ಲಿತ್ತು,
ಮುಂದಿನವಳ ಕತ್ತಲಿಗೆ ಅವನನ್ನು ಒಯ್ಯಬಾರದು.
ಆಮೇಲೆ ಯಂತ್ರದಲ್ಲಿ ಮೂವತ್ತೆಂಟು ನಿಮಿಷ.
ಮೂವತ್ತೇಳಾದರೆ?
ಮೂವತ್ತೇಳಾದರೆ ತೊಳೆದೇ ಇಲ್ಲ.

ಪೆನ್ಸಿಲು ಕಚ್ಚಿದ. ಕೆಟ್ಟವನಲ್ಲ ಹುಡುಗ,
ಬೆಂಚಿನವರೆದುರು ಬ್ರೆಡ್ಡು ಬಿಚ್ಚಲಾರದೆ
ಮೆಟ್ಟಿಲ ಕೆಳಗೆ ಹೋಗಿ ತಿಂದ.

ಗುರುವಾರ ಕಪಾಟು ಸರಿಸಿದೆವು, ನಾವಿಬ್ಬರೇ.
ಅದಿದ್ದ ಕಡೆ ನೆಲದಲ್ಲೊಂದು ಚೌಕ,
ಆಸ್ಪತ್ರೆ ಹೊಸತಿದ್ದಾಗಿನ ಬಣ್ಣ.
ಸಹಿ ಬೆಂಚಿನಲ್ಲೇ, ಸೂಜಿ ಪಕ್ಕದ ಕೋಣೆಯಲ್ಲೇ;
ಒಬ್ಬೊಬ್ಬರ ನಡುವೆ ಒಂಬತ್ತು ನಿಮಿಷ ಉಳಿಯಿತು.
ಆಫೀಸಿನವರು ಕೂಡಿಸಿ ಗುಣಿಸಿ ಹಿಗ್ಗಿದರು:
ಇನ್ನೂ ಮೂವರನ್ನು ನೋಡಬಹುದು!

ಇಬ್ಬರು, ಎಂದರು ಡಾಕ್ಟರ್ ಆಲ್ದುನಾತೆ
ಕೈಗವಸು ಎಳೆದುಕೊಳ್ಳುತ್ತಾ.
ಮೂರನೆಯವರ ಹೊತ್ತು ನನಗೆ ಬೇಕು.

ಡೊನ್ ಎಲಿಸೆಯೊ ಹುವೆಂಚುಲ್ಲಾನ್, ಅರವತ್ತೊಂದು,
ಹೊಗೆ ಹಿಡಿಸಿದ ಮೆಣಸಿನಪುಡಿ ಇಲ್ಲದೆ ತುತ್ತು ಇಳಿಯದವನು.
ಪರದೆಯ ಮೇಲೆ ಅವನ ಜಠರ, ಒದ್ದೆ ಗುಲಾಬಿ ಮಡಿಕೆಗಳು.
ಹಳೆಯ ಲೆಕ್ಕದಲ್ಲಾದರೆ
ಕೊಳವೆ ಆಗಲೇ ಹೊರಗಿರಬೇಕಿತ್ತು.
ಅವರು ನೀರು ಚಿಮ್ಮಿಸಿ ನೊರೆ ತೆಗೆದರು,
ಗಾಳಿ ತುಂಬಿ ಒಂದು ಮಡಿಕೆ ಬಿಡಿಸಿದರು,
ಇನ್ನೊಂದು,
ಅದರ ಹಿಂದೆ
ಉಗುರಿನಷ್ಟು ಜಾಗ ಸ್ವಲ್ಪ ಮಾಸಿತ್ತು.

ಚಿಮಟ ಕೊಟ್ಟೆ. ಕೈಯಳತೆಯಲ್ಲೇ ಇತ್ತು.

ಗುಂಡಿ ಒತ್ತುವುದನ್ನು ಫೆರ್ಮಿನ್ ಮರೆತಿದ್ದ;
ಅವನ ಹಾಳೆಯಲ್ಲಿ ಆ ಸಾಲು ಇವತ್ತಿಗೂ ಖಾಲಿ.
ಏನದು, ಎಂದು ಪಿಸುಗುಟ್ಟಿದ.
ಗೊತ್ತಿಲ್ಲಪ್ಪ, ಹತ್ತು ದಿನ ಬೇಕು, ಅಂದೆ,
ಕೊಳವೆ ಎತ್ತಿಕೊಂಡು ನಡೆದೆ.
ನಲ್ಲಿ ಬಿಟ್ಟೆ.
ಮೂವತ್ತೆಂಟು.